ಎಡ-ಬಲ ತಪ್ಪಿದ ಇಲಿ ಭ್ರೂಣಗಳು: ಬಿಕ್‌ಸಿ1 ಪ್ರೋಟೀನಿನ ಪ್ರಕರಣ

2009ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ಇಪಿಎಫ್‌ಎಲ್ ಸಂಸ್ಥೆಯಿಂದ ಒಂದು ವರದಿ ಬಂತು. ಡೇನಿಯಲ್ ಕಾನ್‌ಸ್ಟಾಮ್ ಅವರ ತಂಡ ಇಲಿಗಳಲ್ಲಿ ಒಂದೇ ಒಂದು ಜೀನನ್ನು ಕೆಲಸ ಮಾಡದಂತೆ ಮಾಡಿತ್ತು. ಆ ಜೀನಿನ ಹೆಸರು ಬಿಕ್‌ಸಿ1. ಅದಿಲ್ಲದ ಭ್ರೂಣಗಳಲ್ಲಿ ಎಡ-ಬಲದ ಲೆಕ್ಕವೇ ತಪ್ಪಿತ್ತು. ಎಡಕ್ಕೆ ಸೇರಬೇಕಾದದ್ದು ಒಂದು ಭ್ರೂಣದಲ್ಲಿ ಎಡಕ್ಕೇ ಇದ್ದರೆ ಇನ್ನೊಂದರಲ್ಲಿ ಬಲಕ್ಕೆ ಹೋಗಿತ್ತು. ಯಾವ ಭ್ರೂಣ ಯಾವ ಕಡೆ ಹೊರಳುತ್ತದೆ ಎಂದು ಮೊದಲೇ ಹೇಳಲು ಬರುತ್ತಿರಲಿಲ್ಲ.

ಬಿಕ್‌ಸಿ1 ಜೀನಿನಿಂದ ತಯಾರಾಗುವ ಪ್ರೋಟೀನ್ ಆರ್‌ಎನ್‌ಎಗೆ ಅಂಟಿಕೊಳ್ಳುವ ಗುಂಪಿಗೆ ಸೇರಿದ್ದು. ಡಿಎನ್‌ಎಯಲ್ಲಿರುವ ಮಾಹಿತಿ ಮೊದಲು ಸಂದೇಶವಾಹಕ ಆರ್‌ಎನ್‌ಎ ಆಗುತ್ತದೆ, ಆಮೇಲೆ ಪ್ರೋಟೀನ್ ಆಗುತ್ತದೆ ಎಂದು ಪಿಯುಸಿಯಲ್ಲಿ ಓದಿರುತ್ತೇವೆ. ಈ ಎರಡು ಹೆಜ್ಜೆಗಳ ನಡುವೆ ನಡೆಯುವ ಕೆಲಸ ಬಹಳ ಇದೆ. ಸಂದೇಶ ಎಷ್ಟು ಹೊತ್ತು ಉಳಿಯಬೇಕು, ಜೀವಕೋಶದ ಯಾವ ಮೂಲೆಗೆ ಹೋಗಬೇಕು, ಈಗಲೇ ಅದರಿಂದ ಪ್ರೋಟೀನ್ ಮಾಡಬೇಕಾ ಅಥವಾ ತಡೆಹಿಡಿಯಬೇಕಾ, ಯಾವಾಗ ಅದನ್ನು ನಾಶ ಮಾಡಬೇಕು? ಇವನ್ನೆಲ್ಲ ಬಹುಪಾಲು ತೀರ್ಮಾನಿಸುವುದು ಆರ್‌ಎನ್‌ಎಗೆ ಅಂಟುವ ಪ್ರೋಟೀನ್‌ಗಳು. ಭ್ರೂಣದಲ್ಲಿ ಇವುಗಳ ಮಾತು ಜಾಸ್ತಿ ನಡೆಯುತ್ತದೆ. ಅಲ್ಲಿ ಪರಿಸ್ಥಿತಿ ಗಂಟೆಗಳ ಲೆಕ್ಕದಲ್ಲಿ ಬದಲಾಗುತ್ತದೆ. ಜೀನನ್ನು ನಿಲ್ಲಿಸಿದರೂ ಆಗಲೇ ತಯಾರಾದ ಸಂದೇಶ ಕೋಶದಲ್ಲಿ ಉಳಿದಿರುತ್ತದೆ. ಬೇಗ ಬದಲಾವಣೆ ಬೇಕಿದ್ದರೆ ಆ ಸಂದೇಶವನ್ನೇ ಮುಟ್ಟಬೇಕು.

ಸರಿ, ಆದರೆ ಕೋಶದೊಳಗೆ ಆರ್‌ಎನ್‌ಎ ನೋಡಿಕೊಳ್ಳುವ ಪ್ರೋಟೀನಿಗೂ ಹೃದಯ ಯಾವ ಕಡೆ ಇರಬೇಕು ಎಂಬುದಕ್ಕೂ ಏನು ಸಂಬಂಧ? ಸಂಬಂಧ ಸಿಲಿಯಾಗಳ, ಅಂದರೆ ಕೋಶದ ಮೈಮೇಲಿರುವ ಸೂಕ್ಷ್ಮ ಎಳೆಗಳ ಮೂಲಕ ಹಾದುಹೋಗುತ್ತದೆ. ಅದನ್ನು ಬಿಡಿಸಲು ಹನ್ನೆರಡು ವರ್ಷ ಹಿಡಿಯಿತು. 2009ರ ಉತ್ತರ ಸರಿಯಾಗಿಯೇ ಇತ್ತು, ಆದರೆ ಪೂರ್ತಿ ಇರಲಿಲ್ಲ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಅದೇ ಕಾರಣ.

ಘಟನೆ ನಡೆಯುವ ಜಾಗ

ಇಲಿ ಗರ್ಭ ಧರಿಸಿ ಏಳೂವರೆ, ಎಂಟು ದಿನವಾದಾಗ ಭ್ರೂಣದ ಮಧ್ಯದ ಗೆರೆಯಲ್ಲಿ, ಹೊಟ್ಟೆಯ ಬದಿಗೆ, ಒಂದು ಸಣ್ಣ ಗುಳಿ ಕಾಣಿಸುತ್ತದೆ. ಅದಕ್ಕೆ ನೋಡ್ ಎನ್ನುತ್ತಾರೆ. ಅದು ಸ್ವಲ್ಪ ಕಾಲ ಮಾತ್ರ ಇದ್ದು ಮಾಯವಾಗುವ ರಚನೆ. ಗುಳಿಯ ತಳದಲ್ಲಿ ಇನ್ನೂರು, ಮುನ್ನೂರು ಜೀವಕೋಶಗಳಿರುತ್ತವೆ. ಪ್ರತಿಯೊಂದರ ಮೈಮೇಲೂ ಒಂದೇ ಒಂದು ಸಿಲಿಯಂ. ಅಂದರೆ ಕೆಲವೇ ಮೈಕ್ರಾನ್ ಉದ್ದದ, ತಾನಾಗಿಯೇ ಚಲಿಸಬಲ್ಲ ಸೂಕ್ಷ್ಮ ಎಳೆ. ನಮ್ಮ ಶ್ವಾಸನಾಳದಲ್ಲಿರುವ ಸಿಲಿಯಾಗಳು ಹಿಂದಕ್ಕೆ ಮುಂದಕ್ಕೆ ಬೀಸುತ್ತವೆ. ನೋಡ್‌ನಲ್ಲಿರುವವು ನಿಮಿಷಕ್ಕೆ ಸುಮಾರು 600 ಸಲ ಗರಗರನೆ ಸುತ್ತುತ್ತವೆ, ಅದೂ ಎಲ್ಲವೂ ಒಂದೇ ದಿಕ್ಕಿಗೆ.

1998ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ನೊಬುತಾಕಾ ಹಿರೊಕಾವಾ ಅವರ ತಂಡ ಒಂದು ದೊಡ್ಡ ವಿಷಯವನ್ನು ತೋರಿಸಿತು. ಈ ಸುತ್ತಾಟದಿಂದ ಗುಳಿಯಲ್ಲಿರುವ ದ್ರವ ಬಲದಿಂದ ಎಡಕ್ಕೆ ಹರಿಯುತ್ತದೆ. ಸಿಲಿಯಾ ಬೆಳೆಯದಂತೆ ಮಾಡಿದರೆ ಹರಿವು ಇಲ್ಲ, ಎಡ-ಬಲವೂ ಇಲ್ಲ. 2002ರಲ್ಲಿ ಹಿರೋಶಿ ಹಮಾದಾ ಅವರ ತಂಡ ಇದನ್ನು ಇನ್ನೂ ನೇರವಾಗಿ ಪರೀಕ್ಷಿಸಿತು. ಇಲಿ ಭ್ರೂಣಗಳನ್ನು ಹೊರಗಿಟ್ಟು, ನೋಡ್ ಮೇಲೆ ಕೃತಕವಾಗಿ ದ್ರವ ಹರಿಸಿದರು. ಬಲಕ್ಕೆ ಹರಿಸಿದಾಗ ಮಾಮೂಲಿ ಭ್ರೂಣದ ಎಡ-ಬಲ ತಿರುವುಮುರುವಾಯಿತು. ಸಿಲಿಯಾ ಅಲುಗಾಡದ ಭ್ರೂಣಗಳಿಗೂ ಹೊರಗಿನ ಹರಿವು ದಿಕ್ಕು ಹೇಳಿಕೊಟ್ಟಿತು. ಅಲ್ಲಿಗೆ ಹರಿವೇ ಕಾರಣ ಎನ್ನುವುದು ಗಟ್ಟಿಯಾಯಿತು.

ಸುಮ್ನೆ ಸುತ್ತುವ ಎಳೆಯಿಂದ ಒಂದೇ ಕಡೆಗೆ ಹರಿವು ಹೇಗೆ ಬರುತ್ತದೆ? ನೆಟ್ಟಗೆ ನಿಂತು ಸುತ್ತಿದರೆ ದ್ರವದಲ್ಲಿ ಸುಳಿ ಏಳುತ್ತದೆ, ಅಷ್ಟೇ. ನೋಡ್‌ನ ಸಿಲಿಯಾಗಳು ನೆಟ್ಟಗಿಲ್ಲ. ಒಂದು ಕಡೆಗೆ ಒರಗಿಕೊಂಡೇ ಸುತ್ತುವ ಬುಗುರಿಯನ್ನು ನೆನೆಸಿಕೊಳ್ಳಿ. ಹಾಗೆ ಇವು ಭ್ರೂಣದ ಬಾಲದ ಕಡೆಗೆ ಒರಗಿವೆ. ಇದರಿಂದಾಗಿ ಸುತ್ತಿನ ಅರ್ಧಭಾಗದಲ್ಲಿ ಸಿಲಿಯಂನ ತುದಿ ಕೋಶದ ಮೈಯಿಂದ ದೂರವಿದ್ದು ಎಡಕ್ಕೆ ಬೀಸುತ್ತದೆ. ಇನ್ನರ್ಧದಲ್ಲಿ ಕೋಶದ ಮೈಗೆ ತೀರಾ ಹತ್ತಿರವಾಗಿ ಬಲಕ್ಕೆ ಬರುತ್ತದೆ. ಮೈಗೆ ಅಂಟಿದಂತಿರುವ ದ್ರವ ಸುಲಭವಾಗಿ ಜರುಗುವುದಿಲ್ಲ, ದೂರದ್ದು ಜರುಗುತ್ತದೆ. ಲೆಕ್ಕ ಹಾಕಿದರೆ ಎಡಕ್ಕೇ ಹರಿವು ಉಳಿಯುತ್ತದೆ.

ಈ ಒರಗುವಿಕೆ ಬರುವುದು ಸಿಲಿಯಂ ಬೇರೂರಿರುವ ಜಾಗದಿಂದ. ಸಿಲಿಯಂನ ಬುಡದ ರಚನೆ ಮೊದಲು ಕೋಶದ ನಡುವೆ ಇರುತ್ತದೆ. ಆಮೇಲೆ ಅದು ಬಾಲದ ಕಡೆಗೆ ಜರುಗುತ್ತದೆ. ಕೋಶಕ್ಕೆ ತನ್ನ ಮುಂದು ಯಾವುದು, ಹಿಂದು ಯಾವುದು ಎಂದು ತಿಳಿದಿದ್ದರೆ ಮಾತ್ರ ಇದು ಸಾಧ್ಯ. ಆ ತಿಳಿವಳಿಕೆಯನ್ನು ಕೊಡುವ ಪ್ರೋಟೀನ್‌ಗಳ ಒಂದು ಜಾಲವಿದೆ. ಒಂದೇ ಹಾಳೆಯಲ್ಲಿರುವ ಎಲ್ಲ ಕೋಶಗಳನ್ನೂ ಒಂದೇ ದಿಕ್ಕಿಗೆ ಸಾಲುಗೂಡಿಸುವುದು ಅದರ ಕೆಲಸ. ಡಿವಿಎಲ್2 ಎಂಬ ಪ್ರೋಟೀನ್ ಆ ಜಾಲದ ಮುಖ್ಯ ಸದಸ್ಯ. ಈ ಹೆಸರು ಮತ್ತೆ ಬರುತ್ತದೆ.

ಗುಳಿಯ ಅಂಚಿನಲ್ಲಿ ಇನ್ನೊಂದು ಬಗೆಯ ಕೋಶಗಳಿವೆ. ಇವಕ್ಕೂ ಸಿಲಿಯಾ ಇವೆ, ಆದರೆ ಇವು ಸುತ್ತುವುದಿಲ್ಲ. ಇವುಗಳ ಕೆಲಸ ಹರಿವನ್ನು ಗ್ರಹಿಸುವುದು. 2012ರಲ್ಲಿ ಹಮಾದಾ ತಂಡ ಇದನ್ನು ಸಾಬೀತುಮಾಡಿದ ರೀತಿ ನನಗೆ ತುಂಬ ಇಷ್ಟ. ಎಲ್ಲೂ ಸಿಲಿಯಾ ಇಲ್ಲದ ಭ್ರೂಣವನ್ನು ತೆಗೆದುಕೊಂಡು, ಅಂಚಿನ ಕೋಶಗಳಲ್ಲಿ ಮಾತ್ರ ಸಿಲಿಯಾ ಮರಳಿ ಬೆಳೆಯುವಂತೆ ಮಾಡಿದರು. ಆ ಭ್ರೂಣಕ್ಕೆ ಸ್ವಂತ ಹರಿವು ಇರಲಿಲ್ಲ, ಆದರೆ ಹೊರಗಿನಿಂದ ಹರಿಸಿದ ದ್ರವದ ದಿಕ್ಕನ್ನು ಅದು ಗುರುತಿಸಿತು. ಗ್ರಹಿಕೆಗೆ ಪಿಕೆಡಿ2 ಎಂಬ ಕ್ಯಾಲ್ಸಿಯಂ ಕಾಲುವೆ (ಕ್ಯಾಲ್ಸಿಯಂ ಹಾದುಹೋಗಲು ಬಿಡುವ ಪ್ರೋಟೀನ್) ಬೇಕು ಎಂದೂ ತೋರಿಸಿದರು.

ಹೀಗೆ ನೋಡ್‌ನಲ್ಲಿ ಎರಡು ಪಾಲು. ಗುಳಿಯ ಕೋಶಗಳು ಹರಿವನ್ನು ಮಾಡುತ್ತವೆ, ಅಂಚಿನವು ಗ್ರಹಿಸುತ್ತವೆ. ಬಿಕ್‌ಸಿ1 ಇಲ್ಲದ ಭ್ರೂಣದಲ್ಲಿ ಈ ಎರಡರಲ್ಲಿ ಕೆಟ್ಟದ್ದು ಯಾವುದು?

ಆರೋಪಿಯ ಹಿನ್ನೆಲೆ

ಬಿಕ್‌ಸಿ1ನ ಮೊದಲ ಪರಿಚಯ ಆದದ್ದು ಹಣ್ಣುನೊಣದಲ್ಲಿ, 1980ರ ದಶಕದಲ್ಲಿ. ಈ ಜೀನ್ ಕೆಟ್ಟ ತಾಯಿನೊಣದ ಮೊಟ್ಟೆಗಳಲ್ಲಿ ಕೆಲವು ಭ್ರೂಣಗಳಿಗೆ ತಲೆಯೇ ಇರುವುದಿಲ್ಲ, ಎರಡೂ ತುದಿಗಳಲ್ಲಿ ಬಾಲದ ಭಾಗವೇ ಬೆಳೆಯುತ್ತದೆ. ತಾಯಿ ಮೊಟ್ಟೆಯೊಳಗೆ ಜೋಡಿಸಿಡುವ ಆರ್‌ಎನ್‌ಎಗಳು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಓದಿಸಿಕೊಳ್ಳದೆ ಹೋದದ್ದು ಇದಕ್ಕೆ ಕಾರಣ. 2000ದಲ್ಲಿ ಆಲಿವರ್ ವೆಸ್ಲಿ ಮತ್ತು ಎಡ್ವರ್ಡೊ ಡಿ ರಾಬರ್ಟಿಸ್ ಇದೇ ಜೀನನ್ನು ಕ್ಸೆನೋಪಸ್ ಕಪ್ಪೆಯಲ್ಲಿ ವಿವರಿಸಿದರು. ಆಮೇಲೆ ಇಲಿಯಲ್ಲಿ ಮೂತ್ರಪಿಂಡದ ತುಂಬ ನೀರಿನ ಗುಳ್ಳೆಗಳು ಬೆಳೆಯುವ ಎರಡು ಹಳೆಯ ತಳಿಗಳಲ್ಲಿ ಕೆಟ್ಟಿರುವುದು ಇದೇ ಜೀನ್ ಎಂದು ಗೊತ್ತಾಯಿತು.

ಪ್ರೋಟೀನಿನ ರಚನೆ ನೋಡಿದರೆ ಅದರ ಕಸುಬು ಸುಮಾರಾಗಿ ತಿಳಿಯುತ್ತದೆ. ಒಂದು ಕಡೆ ಕೆಎಚ್ ಎಂಬ ಭಾಗಗಳಿವೆ, ಅವು ಆರ್‌ಎನ್‌ಎಯನ್ನು ಹಿಡಿಯುತ್ತವೆ. ಇನ್ನೊಂದು ಕೊನೆಯಲ್ಲಿ ಎಸ್‌ಎಎಂ ಎಂಬ ಭಾಗ. ಇದರ ಮೂಲಕ ಒಂದು ಬಿಕ್‌ಸಿ1 ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಕೊಂಡಿ ಹಾಕಿಕೊಂಡು ಉದ್ದನೆಯ ಸರಪಳಿ ಆಗುತ್ತದೆ. ಸರಪಳಿಗಳು ಸೇರಿ ಕೋಶದಲ್ಲಿ ಚುಕ್ಕೆಗಳಂತೆ ಕಾಣುವ ಗುಂಪುಗಳಾಗುತ್ತವೆ.

ನೊಣದಿಂದ ಬಂದ ಇನ್ನೊಂದು ಸುಳಿವು ಈ ಪ್ರಕರಣಕ್ಕೆ ಬಹಳ ಮುಖ್ಯ. 2007ರಲ್ಲಿ, ನೊಣದ ಬಿಕ್-ಸಿ ಪ್ರೋಟೀನ್ ಸಿಸಿಆರ್4-ನಾಟ್ ಎಂಬ ಯಂತ್ರವನ್ನು ತಾನು ಹಿಡಿದ ಆರ್‌ಎನ್‌ಎ ಹತ್ತಿರ ಕರೆತರುತ್ತದೆ ಎಂದು ತೋರಿಸಲಾಯಿತು. ಸಂದೇಶವಾಹಕ ಆರ್‌ಎನ್‌ಎಯ ಕೊನೆಯಲ್ಲಿ ಎ ಅಕ್ಷರಗಳ (ಎ, ಯು, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಘಟಕಗಳಲ್ಲಿ ಒಂದು) ಉದ್ದನೆಯ ಸಾಲು ಇರುತ್ತದೆ. ಅದು ಇರುವವರೆಗೆ ಸಂದೇಶ ಸುರಕ್ಷಿತ. ಸಿಸಿಆರ್4-ನಾಟ್ ಆ ಸಾಲನ್ನು ಕತ್ತರಿಸುತ್ತಾ ಹೋಗುತ್ತದೆ. ಸಾಲು ಮುಗಿದರೆ ಸಂದೇಶವೂ ಮುಗಿದಂತೆ.

ಮೊದಲ ತೀರ್ಪು

2009ರ ಕೆಲಸದಲ್ಲಿ ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದ ಕಪ್ಪೆ ತಜ್ಞರೂ ಸೇರಿದ್ದರು. ಅವರೆಲ್ಲ ನೋಡ್‌ನೊಳಗೆ ನೋಡಿದಾಗ ಸಿಲಿಯಾಗಳು ಇದ್ದವು. ಆದರೆ ಸಾಲು ತಪ್ಪಿತ್ತು. ಬಾಲದ ಕಡೆಗೆ ಒಟ್ಟಾಗಿ ಒರಗಬೇಕಾದ ಸಿಲಿಯಾಗಳು ಒಂದೊಂದು ಒಂದೊಂದು ಕಡೆಗೆ ಮುಖಮಾಡಿದ್ದವು. ಹಾಗಾಗಿ ಹರಿವು ಎಡಕ್ಕೆ ಸರಿಯಾಗಿ ಸಾಗುತ್ತಿರಲಿಲ್ಲ.

ಕಾರಣವಾಗಿ ಅವರು ಡಿವಿಎಲ್2 ಕಡೆಗೆ ಬೆರಳು ತೋರಿಸಿದರು. ಈ ಪ್ರೋಟೀನ್ ಎರಡು ದಾರಿಗಳಲ್ಲಿ ಕೆಲಸ ಮಾಡುತ್ತದೆ. ಒಂದು, ಡಬ್ಲ್ಯುಎನ್‌ಟಿ ಎಂಬ, ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಸಂಕೇತದ ಮಾಮೂಲಿ ದಾರಿ. ಇನ್ನೊಂದು, ಕೋಶಗಳನ್ನು ಸಾಲುಗೂಡಿಸುವ ದಾರಿ. ಬಿಕ್‌ಸಿ1 ಇದ್ದರೆ ಡಿವಿಎಲ್2 ಮೊದಲ ದಾರಿಯಿಂದ ಕಳಚಿಕೊಳ್ಳುತ್ತದೆ. ಇದಕ್ಕೆ ಆ ಎಸ್‌ಎಎಂ ಭಾಗ ಬೇಕು. ಅದೇ ಭಾಗ ಬಿಕ್‌ಸಿ1ನ್ನು ಪಿ-ಬಾಡಿ ಎಂಬ ಕೋಶದ ಚುಕ್ಕೆಗಳ ಹತ್ತಿರ ಒಟ್ಟುಗೂಡಿಸುತ್ತದೆ. ಆರ್‌ಎನ್‌ಎಗಳನ್ನು ತಡೆಹಿಡಿಯುವ, ನಾಶಮಾಡುವ ಸಾಮಗ್ರಿ ಇರುವುದು ಅಲ್ಲಿ. ಆದ್ದರಿಂದ ಬಿಕ್‌ಸಿ1 ಬಹುಶಃ ಆರ್‌ಎನ್‌ಎಗಳನ್ನು ಮೌನಗೊಳಿಸುವ ಮೂಲಕ ಸಿಲಿಯಾಗಳ ದಿಕ್ಕನ್ನು ಸರಿಪಡಿಸುತ್ತದೆ ಎಂಬ ಮಾದರಿಯನ್ನು ಅವರು ಮುಂದಿಟ್ಟರು.

ತೀರ್ಪು ಅಚ್ಚುಕಟ್ಟಾಗಿತ್ತು. ಜೀನ್ ಇಲ್ಲ, ಆದ್ದರಿಂದ ಸಿಲಿಯಾ ಸಾಲಿನಲ್ಲಿಲ್ಲ. ಆದ್ದರಿಂದ ಹರಿವು ಸರಿಯಿಲ್ಲ, ಎಡ-ಬಲ ಗೊತ್ತಿಲ್ಲ. ಪ್ರತಿ ಕೊಂಡಿಗೂ ಕಣ್ಣಿಗೆ ಕಾಣುವ ಸಾಕ್ಷಿ ಇತ್ತು. ಸಿಲಿಯಾ ಇರುವ ಕೋಶ ಸರಿಯಾಗಿ ಬೆಳೆಯಲು ಆರ್‌ಎನ್‌ಎಗೆ ಅಂಟುವ ಪ್ರೋಟೀನ್ ಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಆಗ ಬೇರೆ ಯಾವುದಿತ್ತು?

ಉಳಿದುಕೊಂಡ ಅನುಮಾನ

ಆದರೆ ಇಲ್ಲೊಂದು ತೊಡಕಿದೆ. ಅದನ್ನು ನಿಧಾನವಾಗಿ ನೋಡಬೇಕು.

ಹರಿವು ಗ್ರಹಿಸಿದ ಮೇಲೆ ಏನಾಗುತ್ತದೆ ಎಂಬುದು 2009ರ ಹೊತ್ತಿಗೆ ಅರ್ಧಂಬರ್ಧ ಗೊತ್ತಿತ್ತು, 2012ರ ಹೊತ್ತಿಗೆ ಚೆನ್ನಾಗಿ ಗೊತ್ತಾಯಿತು. ನೋಡ್‌ನ ಎರಡೂ ಅಂಚಿನ ಕೋಶಗಳು ನೋಡಲ್ ಎಂಬ ಪ್ರೋಟೀನನ್ನು ತಯಾರಿಸುತ್ತವೆ. 'ಇದು ಎಡಬದಿ' ಎಂಬ ಸುದ್ದಿಯನ್ನು ಪಕ್ಕದ ಅಂಗಾಂಶಕ್ಕೆ ಮುಟ್ಟಿಸುವುದು ಅದೇ. ಆದರೆ ಜೊತೆಗೇ ಡ್ಯಾಂಡ್5 ಎಂಬ ಇನ್ನೊಂದು ಪ್ರೋಟೀನೂ ಎರಡೂ ಕಡೆ ತಯಾರಾಗುತ್ತದೆ. ಅದು ನೋಡಲ್‌ಗೆ ಅಡ್ಡಗಾಲು ಹಾಕುತ್ತದೆ. ಹರಿವು ಶುರುವಾದ ಮೇಲೆ ಎಡಬದಿಯಲ್ಲಿ ಮಾತ್ರ ಡ್ಯಾಂಡ್5ನ ಸಂದೇಶವಾಹಕ ಆರ್‌ಎನ್‌ಎ ಕಡಿಮೆಯಾಗುತ್ತದೆ. ಅಡ್ಡಿ ತಗ್ಗಿದ ಎಡಬದಿಯಲ್ಲಿ ನೋಡಲ್ ಮುಂದಕ್ಕೆ ಹೋಗುತ್ತದೆ. ಬಲಬದಿಯಲ್ಲಿ ತಡೆದು ನಿಲ್ಲುತ್ತದೆ.

ಇದರ ಅರ್ಥ ಸ್ವಲ್ಪ ಯೋಚಿಸಿ. ಎಡ-ಬಲ ಎಂಬ ಇಡೀ ದೇಹದ ವ್ಯತ್ಯಾಸ ಮೊದಲ ಬಾರಿಗೆ ಅಣುಗಳ ಮಟ್ಟದಲ್ಲಿ ಬರೆಯಲ್ಪಡುವುದು ಒಂದು ಆರ್‌ಎನ್‌ಎಯ ನಾಶದಲ್ಲಿ. ಹೊಸದಾಗಿ ಯಾವುದನ್ನೋ ಸೃಷ್ಟಿಸುವುದಲ್ಲ, ಇರುವುದನ್ನು ಒಂದು ಬದಿಯಲ್ಲಿ ಇಲ್ಲವಾಗಿಸುವುದು. ಈ ಸಂಗತಿ ಓದಿದಾಗ ನನಗೆ ಆದ ಬೆರಗು ಇನ್ನೂ ಕಡಿಮೆಯಾಗಿಲ್ಲ.

ಹಾಗಾದರೆ ಆ ನಾಶದ ಕೆಲಸ ಮಾಡುವವರು ಯಾರು? ಆರ್‌ಎನ್‌ಎಗೆ ಅಂಟುವ, ಸಿಸಿಆರ್4-ನಾಟ್ ಯಂತ್ರವನ್ನು ಕರೆತರುವ ಒಂದು ಪ್ರೋಟೀನ್ ಅದೇ ನೋಡ್‌ನಲ್ಲೇ ಇದೆ ಎಂದು ಗೊತ್ತಿದೆ. ಅನುಮಾನ ಬಾರದೆ ಇರುತ್ತದಾ?

ಆದರೆ ಅನುಮಾನವನ್ನು ಪರೀಕ್ಷಿಸುವುದು ಸುಲಭವಲ್ಲ. ಬಿಕ್‌ಸಿ1 ಇಲ್ಲದ ಭ್ರೂಣದಲ್ಲಿ ಡ್ಯಾಂಡ್5 ಎಡ-ಬಲ ಎರಡೂ ಕಡೆ ಸಮನಾಗಿ ಉಳಿದಿದೆ ಎಂದು ಯಾರಾದರೂ ತೋರಿಸಿದರೆ ಅದು ಸಾಕ್ಷಿಯಾಗುತ್ತದಾ? ಆಗುವುದಿಲ್ಲ. ಅದೇ ಭ್ರೂಣದಲ್ಲಿ ಸಿಲಿಯಾ ಸಾಲು ತಪ್ಪಿದೆ, ಹರಿವೂ ಕೆಟ್ಟಿದೆ. ಹರಿವೇ ಸರಿಯಿಲ್ಲದಿದ್ದರೆ ಡ್ಯಾಂಡ್5 ಹೇಗೂ ಸಮನಾಗಿಯೇ ಉಳಿಯುತ್ತದೆ. ಮೊದಲ ದೋಷ ಎರಡನೆಯ ದೋಷವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಒಂದೇ ಪ್ರೋಟೀನ್ ಒಂದೇ ದಾರಿಯಲ್ಲಿ ಎರಡು ಕಡೆ ಕೆಲಸ ಮಾಡುವಾಗ, ಜೀನನ್ನು ತೆಗೆದ ಭ್ರೂಣ ಮೊದಲು ಕೆಟ್ಟ ಜಾಗವನ್ನು ಮಾತ್ರ ತೋರಿಸುತ್ತದೆ.

2012ರಲ್ಲಿ ಹಮಾದಾ ತಂಡದಿಂದಲೇ ಬಂದ ಇನ್ನೊಂದು ಫಲಿತಾಂಶ ಈ ಅನುಮಾನಕ್ಕೆ ಪುಷ್ಟಿ ಕೊಡುತ್ತದೆ ಎಂದು ನನಗೆ ಅನಿಸುತ್ತದೆ. ನೋಡ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಸಿಲಿಯಾಗಳಿರುತ್ತವೆ ಅಲ್ವಾ? ಅವುಗಳಲ್ಲಿ ಎರಡೇ ಎರಡು ಸುತ್ತಿದರೂ ಎಡ-ಬಲ ಸರಿಯಾಗಲು ಸಾಕು ಎಂದು ಅವರು ತೋರಿಸಿದರು. ಭ್ರೂಣ ಇಷ್ಟು ಕ್ಷೀಣ ಹರಿವನ್ನೂ ಹಿಡಿಯಬಲ್ಲದು. ಹಾಗಿದ್ದ ಮೇಲೆ ಸಿಲಿಯಾಗಳ ಸಾಲು ತಪ್ಪಿದ್ದಷ್ಟೇ ಬಿಕ್‌ಸಿ1 ಇಲ್ಲದ ಭ್ರೂಣಗಳನ್ನು ಇಷ್ಟು ಕೆಡಿಸಿತಾ? ಇದಕ್ಕೆ ಪ್ರತಿವಾದವೂ ಇದೆ. ಎರಡು ಸಿಲಿಯಾಗಳು ಸಾಕಾಗುವುದು ಅವು ಸರಿಯಾದ ಕಡೆಗೆ ಒರಗಿದ್ದಾಗ. ದಿಕ್ಕು ತಪ್ಪಿದ ಇನ್ನೂರು ಸಿಲಿಯಾಗಳು ಒಂದರ ಕೆಲಸವನ್ನು ಇನ್ನೊಂದು ಹಾಳುಮಾಡಬಹುದು. ಹಾಗಾಗಿ ಇದು ನಿರ್ಣಾಯಕ ವಾದವಲ್ಲ. ಆದರೆ ಗ್ರಹಿಸುವ ಕೋಶಗಳ ಒಳಗೆ ಇಣುಕಿ ನೋಡಲು ಸಾಕಷ್ಟು ಕಾರಣ.

ಎರಡನೆಯ ತನಿಖೆ

ತೊಡಕು ಇರುವುದು ಇಡೀ ಭ್ರೂಣವನ್ನು ನೋಡುವುದರಲ್ಲಿ. ಅದನ್ನು ಬಿಟ್ಟು ಆರ್‌ಎನ್‌ಎಯನ್ನೇ ಹಿಡಿದು ಪ್ರಶ್ನೆ ಕೇಳಿದರೆ? 2021ರಲ್ಲಿ ಕಾನ್‌ಸ್ಟಾಮ್ ಮತ್ತು ಹಮಾದಾ ತಂಡಗಳು ಒಟ್ಟಾಗಿ ಮಾಡಿದ್ದು ಇದನ್ನೇ.

ಸಂದೇಶವಾಹಕ ಆರ್‌ಎನ್‌ಎಯಲ್ಲಿ ಪ್ರೋಟೀನಿನ ಮಾಹಿತಿ ಮುಗಿದ ಮೇಲೂ ಒಂದಷ್ಟು ಉದ್ದ ಉಳಿದಿರುತ್ತದೆ. ಅದರಿಂದ ಪ್ರೋಟೀನ್ ಆಗುವುದಿಲ್ಲ. ತ್ರೀ ಪ್ರೈಮ್ ಯುಟಿಆರ್ ಎನ್ನುವ ಈ ಬಾಲದಂಥ ಭಾಗ ಆರ್‌ಎನ್‌ಎಗೆ ಅಂಟುವ ಪ್ರೋಟೀನ್‌ಗಳು ಕೂರುವ ಮುಖ್ಯ ಜಾಗ. ಸಂಶೋಧಕರು ಡ್ಯಾಂಡ್5ನ ಈ ಬಾಲವನ್ನು ಮಾತ್ರ ತೆಗೆದು, ಹೊಳೆಯುವ ಪ್ರೋಟೀನಿನ ಜೀನಿಗೆ ಜೋಡಿಸಿದರು. ಅದನ್ನು ನೋಡ್‌ನ ಅಂಚಿನ ಕೋಶಗಳಲ್ಲಿ ಎರಡೂ ಬದಿ ತಯಾರಾಗುವಂತೆ ಮಾಡಿದರು. ಎಡಬದಿಯ ಹೊಳಪು ತಗ್ಗಿತು, ಬಲಬದಿಯದು ಉಳಿಯಿತು. ಡ್ಯಾಂಡ್5 ಜೀನ್ ಎಲ್ಲಿ ಶುರುವಾಗುತ್ತದೆ, ಎಷ್ಟು ಓದಿಸಿಕೊಳ್ಳುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬಾಲವೊಂದೇ ಸಾಕು.

ಬಾಲದಲ್ಲೂ ಎಲ್ಲವೂ ಬೇಕಿರಲಿಲ್ಲ. ಮೊದಲ 200 ಅಕ್ಷರಗಳು ಇದ್ದರೆ ಎಡಬದಿಯ ನಾಶ ನಡೆಯುತ್ತದೆ, ಅವಿಲ್ಲದಿದ್ದರೆ ಇಲ್ಲ. ಈ ತುಂಡು ಹರಿವಿನ ದಿಕ್ಕಿಗೆ, ಕ್ಯಾಲ್ಸಿಯಂಗೆ, ಪಿಕೆಡಿ2ಗೆ, ಬಿಕ್‌ಸಿ1ಗೆ ನಾಲ್ಕಕ್ಕೂ ಸ್ಪಂದಿಸುತ್ತದೆ.

ಮುಂದಿನ ಹೆಜ್ಜೆ ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ಬಲವಾದ ಸಾಕ್ಷಿ. ಬಿಕ್‌ಸಿ1 ಎಂಥ ಆರ್‌ಎನ್‌ಎ ಅಕ್ಷರಗಳನ್ನು ಇಷ್ಟಪಡುತ್ತದೆ ಎಂದು ಪರೀಕ್ಷಿಸಿದಾಗ ಎರಡು ಮಾದರಿ ಸಿಕ್ಕವು. ಒಂದರಲ್ಲಿ ಜಿ-ಎ-ಸಿ ಆದಮೇಲೆ ಎ ಅಥವಾ ಜಿ ಇರಬೇಕು. ಇನ್ನೊಂದರಲ್ಲಿ ಜಿ-ಎ-ಸಿಗೆ ಮುಂಚೆ ಸಿ ಅಥವಾ ಯು ಇರಬೇಕು. ಈಗ ಡ್ಯಾಂಡ್5ನ ಬಾಲದ ಮೊದಲ ಭಾಗಕ್ಕೆ ಬನ್ನಿ. ಅಲ್ಲಿ ಜಿ-ಎ-ಸಿ-ಜಿ-ಯು-ಜಿ-ಎ-ಸಿ ಎಂಬ ಎಂಟು ಅಕ್ಷರಗಳ ಸಾಲು ಇದೆ. ಮೊದಲ ನಾಲ್ಕು ಮೊದಲ ಮಾದರಿ, ಕೊನೆಯ ನಾಲ್ಕು ಎರಡನೆಯ ಮಾದರಿ. ಎರಡೂ ಬೆನ್ನಿಗೆ ಬೆನ್ನು ಹಚ್ಚಿಕೊಂಡಿವೆ. ವಿಕಾಸದಲ್ಲಿ ಈ ಸಾಲು ಬದಲಾಗದೆ ಉಳಿದುಕೊಂಡಿದೆ. ಬಿಕ್‌ಸಿ1 ಹಿಡಿಯುವುದು ಇದನ್ನೇ.

ಇದು ಯಾಕೆ ಇಷ್ಟು ಬಲವಾದದ್ದು? ಹಿಂದೆ ಹೇಳಿದ ತೊಡಕನ್ನು ಇದು ದಾಟುತ್ತದೆ. ಸಿಲಿಯಾ ಸಾಲು ತಪ್ಪಿದ್ದರಿಂದ ಡ್ಯಾಂಡ್5 ಉಳಿದಿರಬಹುದು ಎಂಬ ವಾದ, ಬಿಕ್‌ಸಿ1 ನೇರವಾಗಿ ಡ್ಯಾಂಡ್5 ಆರ್‌ಎನ್‌ಎಯನ್ನು ಹಿಡಿಯುವುದನ್ನು ವಿವರಿಸಲಾರದು. ಸಿಲಿಯಾಗಳಿಗೂ ಈ ಎಂಟು ಅಕ್ಷರಗಳಿಗೂ ಯಾವ ಸಂಬಂಧವೂ ಇಲ್ಲ.

ಕೊನೆಯ ಕೊಂಡಿ ಕತ್ತರಿಸುವ ಯಂತ್ರದ್ದು. ಸಿಸಿಆರ್4-ನಾಟ್‌ನಲ್ಲಿ ಸಿಎನ್‌ಒಟಿ3 ಎಂಬ ಭಾಗವಿದೆ. ಅದು ಬಿಕ್‌ಸಿ1 ಜೊತೆ ಸೇರಿಕೊಳ್ಳುತ್ತದೆ. ಅದು ಇಲ್ಲದಿದ್ದರೆ ನೋಡ್‌ನಲ್ಲಿ ಡ್ಯಾಂಡ್5 ನಾಶವಾಗುವುದಿಲ್ಲ. ನೊಣದಲ್ಲಿ 2007ರಲ್ಲಿ ಕಂಡ ಅದೇ ಜೋಡಿ ಇಲಿ ಭ್ರೂಣದ ಎಡಬದಿಯಲ್ಲಿ ಸಿಕ್ಕಿತು. ಸಿಲಿಯಂ ಹರಿವನ್ನು ಗ್ರಹಿಸಿದಾಗ ಪಿಕೆಡಿ2 ಮೂಲಕ ಕ್ಯಾಲ್ಸಿಯಂ ಬರುತ್ತದೆ. ಅದು ಬಿಕ್‌ಸಿ1 ಮತ್ತು ಸಿಸಿಆರ್4-ನಾಟನ್ನು ಚುರುಕುಗೊಳಿಸುತ್ತದೆ. ಅವು ಡ್ಯಾಂಡ್5ನ ಸಂದೇಶವನ್ನು ಅಳಿಸುತ್ತವೆ. ಈ ಸಂಶೋಧನೆ ಕೊಡುವ ಚಿತ್ರ ಇದು.

ಕಪ್ಪೆಯ ಸಾಕ್ಷಿ

ಅದೇ 2021ರಲ್ಲಿ ಹೋಹೆನ್‌ಹೈಮ್‌ನ ಆಕ್ಸೆಲ್ ಶ್ವೈಕರ್ಟ್ ಅವರ ತಂಡ ಕಪ್ಪೆಯನ್ನು ಮುಖ್ಯವಾಗಿಟ್ಟುಕೊಂಡು, ಝೀಬ್ರಾಫಿಶ್ ಮತ್ತು ಇಲಿಯನ್ನೂ ಸೇರಿಸಿಕೊಂಡು ಇದೇ ಪ್ರಶ್ನೆ ಕೇಳಿತು. ಕಪ್ಪೆಯಲ್ಲಿ ಒಂದು ಅನುಕೂಲ ಇದೆ. ಭ್ರೂಣ ನಾಲ್ಕು ಕೋಶಗಳಿರುವಾಗಲೇ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಹೋಗುತ್ತದೆ ಎಂದು ಹೇಳಬಹುದು. ಹಾಗಾಗಿ ಒಂದೇ ಬದಿಗೆ ಚುಚ್ಚುಮದ್ದು ಕೊಟ್ಟು ಒಂದೇ ಬದಿಯಲ್ಲಿ ಜೀನನ್ನು ತಗ್ಗಿಸಲು ಸಾಧ್ಯ. ಈ ತಂಡ 2010ರಲ್ಲೇ ಹೀಗೆ ಮಾಡಿ, ಹರಿವು ಇಲ್ಲದ ಭ್ರೂಣದಲ್ಲೂ ಎಡಬದಿಯ ಡ್ಯಾಂಡ್5 ತಗ್ಗಿಸಿದರೆ ನೋಡಲ್ ಮತ್ತೆ ಹೊರಡುತ್ತದೆ ಎಂದು ತೋರಿಸಿತ್ತು. ಕಪ್ಪೆಯಲ್ಲಿ ಈ ಪ್ರೋಟೀನಿಗೆ ಕೋಕೊ ಎಂಬ ಹೆಸರೂ ಇದೆ.

2021ರ ಕೆಲಸದಲ್ಲಿ ಬಿಕ್‌ಸಿ1 ಕಪ್ಪೆಯಲ್ಲೂ ಡ್ಯಾಂಡ್5ನ ಬಾಲದ ಮೂಲಕವೇ ಕೆಲಸ ಮಾಡುತ್ತದೆ ಎಂದು ಕಂಡಿತು. ಆದರೆ ಹೊತ್ತಿಗೆ ತಕ್ಕಂತೆ ಎರಡು ಬಗೆಯಲ್ಲಿ. ಹರಿವು ಶುರುವಾಗುವ ಮೊದಲು ಅದರ ಪಾತ್ರ ಸಂದೇಶ ಎಷ್ಟು ಕಾಲ ಬಾಳುತ್ತದೆ ಎಂಬುದರಲ್ಲಿ. ಹರಿವು ಬಂದ ಮೇಲೆ ಅದು ಸಂದೇಶದಿಂದ ಪ್ರೋಟೀನ್ ಆಗುವುದನ್ನೇ ತಡೆಯುತ್ತದೆ. ಈ ತಡೆಗೆ ಡೈಸರ್ ಎಂಬ ಪ್ರೋಟೀನ್ ಕೂಡ ಬೇಕು. ಪುಟ್ಟ ಪುಟ್ಟ ಮೈಕ್ರೋ ಆರ್‌ಎನ್‌ಎಗಳನ್ನು ಕತ್ತರಿಸಿ ತಯಾರಿಸುವುದು ಡೈಸರ್‌ನ ಕೆಲಸ. ಇಲ್ಲೂ ಪಿಕೆಡಿ2ಗೆ ತಡೆ ಸ್ಪಂದಿಸಿತು. ನೋಡಲ್‌ನ ಜೊತೆಗಾರ ಜಿಡಿಎಫ್3ನ ಸಂದೇಶವನ್ನೂ ಬಿಕ್‌ಸಿ1 ಅದರ ಬಾಲದ ಮೂಲಕ ನಿಯಂತ್ರಿಸುತ್ತದೆ.

ಇಲಿಯಲ್ಲಿ ಸಂದೇಶದ ನಾಶಕ್ಕೆ ಒತ್ತು, ಕಪ್ಪೆಯಲ್ಲಿ ತಡೆಗೆ ಒತ್ತು. ಇದನ್ನು ಎರಡು ತಂಡಗಳ ಭಿನ್ನಾಭಿಪ್ರಾಯ ಎಂದು ನಾನು ಓದುವುದಿಲ್ಲ. ಪ್ರೋಟೀನ್ ಆಗುವುದನ್ನು ತಡೆಯುವುದು ಮತ್ತು ಎ ಸಾಲನ್ನು ಕತ್ತರಿಸುವುದು ಕೋಶದಲ್ಲಿ ಸಾಮಾನ್ಯವಾಗಿ ಒಂದರ ಹಿಂದೆ ಒಂದು ಬರುವ ಕೆಲಸಗಳು. ಎರಡೂ ಕಡೆ ಹಿಡಿಯುವ ಕೈ ಒಂದೇ, ಹಿಡಿಯುವ ಜಾಗವೂ ಒಂದೇ.

ಮೂತ್ರಪಿಂಡದ ಕಡೆಯ ಗಂಟು

ಪಿಕೆಡಿ2 ಎಂಬ ಹೆಸರು ವೈದ್ಯರಿಗೆ ಚಿರಪರಿಚಿತ. ದೊಡ್ಡವರಲ್ಲಿ ಮೂತ್ರಪಿಂಡದ ತುಂಬ ನೀರುಗುಳ್ಳೆ ಬೆಳೆಯುವ ಆನುವಂಶಿಕ ಕಾಯಿಲೆಗೆ ಕಾರಣವಾಗುವ ಎರಡು ಮುಖ್ಯ ಜೀನ್‌ಗಳಲ್ಲಿ ಅದೂ ಒಂದು. ಬಿಕ್‌ಸಿ1 ಇಲ್ಲದ ಇಲಿಗೂ ಕಪ್ಪೆಗೂ ಮೂತ್ರಪಿಂಡದಲ್ಲಿ ಇಂಥದೇ ಗುಳ್ಳೆಗಳು. 2010ರಲ್ಲಿ ವೆಸ್ಲಿ ಅವರ ತಂಡ ಇವೆರಡನ್ನೂ ಜೋಡಿಸಿತು. ಮೂತ್ರಪಿಂಡದಲ್ಲಿ ಮಿರ್-17 ಎಂಬ ಮೈಕ್ರೋ ಆರ್‌ಎನ್‌ಎ ಪಿಕೆಡಿ2ನ ಸಂದೇಶವನ್ನು ತಗ್ಗಿಸುತ್ತದೆ. ಬಿಕ್‌ಸಿ1 ಅದಕ್ಕೆ ಎದುರಾಗಿ ನಿಂತು ಸಂದೇಶವನ್ನು ಕಾಪಾಡುತ್ತದೆ.

ಒಂದೇ ಪ್ರೋಟೀನ್ ಒಂದು ಕಡೆ ಸಂದೇಶವನ್ನು ಅಳಿಸುತ್ತದೆ, ಇನ್ನೊಂದು ಕಡೆ ಕಾಪಾಡುತ್ತದೆ. ಯಾವ ಆರ್‌ಎನ್‌ಎ, ಯಾವ ಅಂಗಾಂಶ, ಪಕ್ಕದಲ್ಲಿ ಇನ್ಯಾರಿದ್ದಾರೆ ಎಂಬುದರ ಮೇಲೆ ಫಲ ನಿಂತಿದೆ. ಹಾಗಾಗಿ 'ಬಿಕ್‌ಸಿ1 ಆರ್‌ಎನ್‌ಎ ನಾಶ ಮಾಡುವ ಪ್ರೋಟೀನ್' ಎಂದು ಒಂದೇ ಮಾತಿನಲ್ಲಿ ಬರೆದಿರುವುದನ್ನು ಕಂಡರೆ ನನಗೆ ಕಸಿವಿಸಿ. 2012ರಲ್ಲಿ ಮನುಷ್ಯರಲ್ಲೂ, ಮೂತ್ರಪಿಂಡ ಸರಿಯಾಗಿ ರೂಪುಗೊಳ್ಳದೆ ಗುಳ್ಳೆಗಳಾದ ರೋಗಿಗಳಲ್ಲಿ, ಈ ಜೀನಿನ ಎರಡು ದೋಷಗಳು ವರದಿಯಾದವು.

ಈಗ ಪ್ರಕರಣ ನಿಂತಿರುವ ಜಾಗ

ಗ್ರಹಿಕೆಯ ಪಾಲಿಗೆ 2023ರಲ್ಲಿ ಇನ್ನಷ್ಟು ಬೆಳಕು ಬಿತ್ತು. ಅಂಚಿನ ಕೋಶದ ಸಿಲಿಯಂ ಹರಿವಿನ ಒತ್ತಡಕ್ಕೆ ಬಾಗುವುದನ್ನು ಗ್ರಹಿಸುತ್ತದಾ ಅಥವಾ ಹರಿವಿನಲ್ಲಿ ತೇಲಿಬರುವ ಯಾವುದೋ ರಾಸಾಯನಿಕವನ್ನಾ ಎಂಬ ವಾದ ಬಹಳ ಕಾಲದಿಂದ ಇತ್ತು. ಹಮಾದಾ ಅವರೂ ಇದ್ದ ಜಪಾನಿನ ತಂಡ ಬೆಳಕಿನ ಕಿರಣದಿಂದಲೇ ಹಿಡಿಯುವ ಇಕ್ಕಳ ಬಳಸಿ ಇಲಿ ಭ್ರೂಣದ ಒಂದೊಂದೇ ಸಿಲಿಯಂ ಅನ್ನು ಬಾಗಿಸಿತು. ಬಾಗಿಸಿದ್ದಷ್ಟಕ್ಕೇ ಕ್ಯಾಲ್ಸಿಯಂ ಏರಿತು, ಡ್ಯಾಂಡ್5ನ ಆರ್‌ಎನ್‌ಎ ತಗ್ಗಿತು. ಅದೇ ವರ್ಷ ಝೀಬ್ರಾಫಿಶ್‌ನಲ್ಲೂ ಇನ್ನೊಂದು ತಂಡ ಇಂಥದೇ ಫಲಿತಾಂಶ ಪಡೆಯಿತು. ಸಿಲಿಯಂ ಬಾಗುವುದರಿಂದ ಹಿಡಿದು ಎಂಟು ಅಕ್ಷರಗಳ ಆರ್‌ಎನ್‌ಎ ಸಾಲಿನವರೆಗೆ ದಾರಿ ಈಗ ಒಂದಾಗಿ ಕಾಣುತ್ತದೆ.

ಇದರಿಂದ 2009ರ ತೀರ್ಪು ಬಿದ್ದುಹೋಗುವುದಿಲ್ಲ. ಬಿಕ್‌ಸಿ1 ಇಲ್ಲದಿದ್ದರೆ ಗುಳಿಯ ಕೋಶಗಳ ಸಿಲಿಯಾ ಸಾಲು ತಪ್ಪುವುದು ನಿಜ. ಆದರೆ ಅಲ್ಲಿ ಅದು ಯಾವ ಆರ್‌ಎನ್‌ಎಯನ್ನು ಹಿಡಿದು ಸಾಲುಗೂಡಿಸುತ್ತದೆ ಎನ್ನುವುದಕ್ಕೆ ಡ್ಯಾಂಡ್5ನಷ್ಟು ಖಚಿತವಾದ ಹೆಸರನ್ನು 2009ರ ಮಾದರಿ ಕೊಟ್ಟಿರಲಿಲ್ಲ. ಎರಡು ಕೆಲಸಗಳಲ್ಲಿ ಮೊದಲು ಕಂಡದ್ದು ಸಿಲಿಯಾಗಳ ಸಾಲು. ಅಕ್ಷರಗಳ ಮಟ್ಟದವರೆಗೆ ಬಿಡಿಸಿಕೊಂಡದ್ದು ಎರಡನೆಯದು.

ವಿಕಾಸದ ಕಡೆಯಿಂದಲೂ ಒಂದು ಸಾಕ್ಷಿ ಇದೆ. ಕೋಳಿಯಂಥ ಹಕ್ಕಿಗಳು, ಹಂದಿ, ಹಲ್ಲಿ ಜಾತಿಯ ಪ್ರಾಣಿಗಳು ಎಡ-ಬಲ ನಿರ್ಧರಿಸಲು ಸುತ್ತುವ ಸಿಲಿಯಾಗಳನ್ನು ಬಳಸುವುದಿಲ್ಲ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಪ್ರಾಣಿಗಳ ವಂಶಗಳಲ್ಲಿ ಕಳೆದುಹೋದ ಜೀನ್‌ಗಳನ್ನು ಹುಡುಕಿತು. ಐದು ಜೀನ್‌ಗಳ ಒಂದು ಗುಂಪು ಸಿಕ್ಕಿತು. ಅದರಲ್ಲಿ ಡ್ಯಾಂಡ್5 ಇದೆ. ಹರಿವೇ ಇಲ್ಲದ ಮೇಲೆ ಹರಿವಿಗೆ ಸ್ಪಂದಿಸುವ ಸಂದೇಶಕ್ಕೆ ಕೆಲಸವಿಲ್ಲ. ಬಿಕ್‌ಸಿ1 ಆ ಗುಂಪಿನಲ್ಲಿ ಇಲ್ಲ. ಮೂತ್ರಪಿಂಡವೂ ಸೇರಿ ಬೇರೆ ಕಡೆ ಅದಕ್ಕೆ ಕೈತುಂಬ ಕೆಲಸವಿದೆ ಎಂಬುದನ್ನು ನೋಡಿದರೆ ಇದು ಸಹಜ.

ಆ ಐದರಲ್ಲಿರುವ ಎಂಎಂಪಿ21, ಪಿಕೆಡಿ1ಎಲ್1, ಸಿರೋಪ್ ಎಂಬ ಜೀನ್‌ಗಳಲ್ಲಿ ದೋಷವಿರುವ ಮನುಷ್ಯರೂ ಇದ್ದಾರೆ. ಸಾಮಾನ್ಯವಾಗಿ ಎಡ-ಬಲ ತಪ್ಪಿ ಹುಟ್ಟಿದ ಮಗುವಿಗೆ ಪದೇ ಪದೇ ಕೆಮ್ಮು, ಸೈನಸ್ ತೊಂದರೆ ಇದ್ದರೆ ವೈದ್ಯರು ಮೂಗಿನ ಸಿಲಿಯಾಗಳನ್ನು ಪರೀಕ್ಷಿಸುತ್ತಾರೆ. ಸಿಲಿಯಾ ಸರಿಯಾಗಿ ಬೀಸದ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರ ಅಂಗಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತವೆ. ಆದರೆ ಈ ಜೀನ್ ಕೆಟ್ಟವರಂತೆ ಗ್ರಹಿಕೆಯ ಕಡೆ ದೋಷವಿರುವವರಲ್ಲಿ ಮೂಗಿನ ಸಿಲಿಯಾಗಳು ಚೆನ್ನಾಗಿಯೇ ಬೀಸುತ್ತವೆ, ಶ್ವಾಸಕೋಶಕ್ಕೆ ತೊಂದರೆ ಇರುವುದಿಲ್ಲ. ಹೃದಯದ ಕೋಣೆಗಳು, ರಕ್ತನಾಳಗಳು ಅರ್ಧ ಎಡ ಅರ್ಧ ಬಲ ಎಂಬಂತೆ ಬೆರಕೆಯಾಗಿ ಹುಟ್ಟುವ ಮಕ್ಕಳೂ ಇವರಲ್ಲಿದ್ದಾರೆ. ಪೂರ್ತಿ ತಿರುವುಮುರುವಾದ ದೇಹಕ್ಕಿಂತ ಈ ಬೆರಕೆ ಹೆಚ್ಚು ಅಪಾಯ. ಅಂಥ ಮಗುವಿನ ಸಿಲಿಯಾ ಪರೀಕ್ಷೆ ಸರಿಯಿದೆ ಎಂದು ಬಂದರೆ ಆನುವಂಶಿಕ ಕಾರಣ ಇಲ್ಲವೆಂದು ಅರ್ಥವಲ್ಲ. ಹರಿವನ್ನು ಗ್ರಹಿಸುವ ಜೀನ್‌ಗಳ ಪರೀಕ್ಷೆ ಇನ್ನೂ ಬಾಕಿ ಇದೆ ಎಂದು ಅರ್ಥ.